ಗೆರೆ ಮುಟ್ಟುವ ಕೈ

ನೆಲದ ಮೇಲೆ ಅಂಗಾತ ಬಿದ್ದವರು ಮೊದಲು ಏನು ಮಾಡುತ್ತಾರೆ ಎನ್ನುವುದನ್ನು ನೋಡಿದರೆ ಸಾಕು, ಅವರು ಯಾವ ಆಟದಿಂದ ಬಂದವರು ಎಂದು ಹೇಳಬಹುದು. ಕುಸ್ತಿಯವರು ಬೆನ್ನು ಮಣ್ಣಿಗೆ ತಾಗಿದರೆ ಮರ್ಯಾದೆ ಹೋಯಿತೆಂದು ತಕ್ಷಣ ಬೋರಲಾಗುತ್ತಾರೆ. ಯಾವ ಆಟವನ್ನೂ ಆಡದವರು ಎರಡೂ ಕೈಯಿಂದ ಮೇಲಿನವರನ್ನು ತಳ್ಳುತ್ತಾರೆ. ಕಬಡ್ಡಿಯವರು ಕೈ ಚಾಚುತ್ತಾರೆ, ಮೇಲೆ ಕೂತವರನ್ನು ಬಿಟ್ಟು ಎಲ್ಲೋ ದೂರಕ್ಕೆ. ಕೋಲಾರದಲ್ಲಿ ನನ್ನ ಹತ್ತಿರ ಜಿಯು-ಜಿಟ್ಸು ಕಲಿಯಲು ಬರುವವರಲ್ಲಿ ಮುಕ್ಕಾಲು ಪಾಲು ಕಬಡ್ಡಿಯವರೇ. ನಾನೂ ಅಲ್ಲಿಂದಲೇ ಬಂದವನು, ಆದ್ದರಿಂದ ಆ ಚಾಚಿದ ಕೈಯನ್ನು ಕಂಡಾಗಲೆಲ್ಲ ನನಗೆ ರೇಗುತ್ತದೆ.

ಜಿಯು-ಜಿಟ್ಸು ಬ್ರೆಜಿಲ್ ದೇಶದ್ದು. ಹೊಡೆತ ಒದೆತ ಇಲ್ಲ. ಹಿಡಿದು, ಕೆಡವಿ, ಮೇಲೆ ಕೂತು, ಕೀಲು ತಿರುಚಿಯೋ ಕತ್ತು ಬಿಗಿದೋ ಎದುರಾಳಿ ಕೈ ತಟ್ಟಿ ಸೋಲೊಪ್ಪುವ ಹಾಗೆ ಮಾಡುವ ಆಟ. ಶಾಲೆಯಲ್ಲಿ ನಾನು ಪಿ.ಟಿ. ಮೇಷ್ಟ್ರು, ಇದನ್ನು ಬೆಂಗಳೂರಿಗೆ ಹೋಗಿ ಬಂದು ಕಲಿತೆ, ಸೊಂಟಕ್ಕೆ ನೀಲಿ ಪಟ್ಟಿ ಕಟ್ಟುವಷ್ಟು ಬಂತು, ಬಂದಷ್ಟನ್ನು ಬೆಳಿಗ್ಗೆ ಹೊತ್ತು ಕಲಿಸುತ್ತೇನೆ.

ಆ ಹುಡುಗಿ ಬಂದದ್ದು ಮುಳಬಾಗಿಲು ಕಡೆಯಿಂದ. ಕುರುಡುಮಲೆ ದಾಟಿದ ಮೇಲಿನ ಒಂದು ಹಳ್ಳಿ, ಮನೆಯಲ್ಲಿ ತೆಲುಗು ಮಾತು. ಟೊಮೆಟೊ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ. ತಾಲೂಕಿನಲ್ಲಿ ಅವಳಂಥ ರೈಡರ್ ಇರಲಿಲ್ಲ ಎಂದು ನಾನೇ ಕೇಳಿದ್ದೆ. ಆದರೆ ಬಲ ಭುಜ ಕಬಡ್ಡಿಯಲ್ಲಿ ಒಮ್ಮೆ ಕಳಚಿ, ಕೂಡಿಸಿ, ಮತ್ತೆ ಕಳಚಿತ್ತು. ಇನ್ನೊಂದು ಸಲ ಕಳಚಿದರೆ ಆಪರೇಷನ್ನೇ ಗತಿ, ಆಮೇಲೆ ಯಾವ ಆಟವೂ ಇಲ್ಲ ಎಂದು ಕೋಲಾರದ ಮೂಳೆ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕಬಡ್ಡಿ ತಂಡದವರು ಅವಳನ್ನು ಕೈಬಿಟ್ಟಿದ್ದರು.

"ಇದ್ರಲ್ಲಿ ಎಗರೋದಿಲ್ಲ, ಓಡೋದಿಲ್ಲ ಅಂತಲ್ಲ ಸಾರ್? ಮಲ್ಕೊಂಡೇ ಆಡ್ಬೋದಂತೆ?" ಎಂದಳು.

"ಮಲ್ಕೊಂಡು ಆಡೋದಲ್ಲಮ್ಮ. ಮಲಗಿಸಿದ್ಮೇಲೆ ಎದ್ದು ಬರೋದು," ಎಂದೆ. ಈ ಭುಜ ಇಟ್ಟುಕೊಂಡು ಬೇಡ, ಮನೆಗೆ ಹೋಗು ಎಂದೂ ಹೇಳಿದೆ.

ಹೋದಳು. ಮರುದಿನ ಮೊದಲ ಬಸ್ಸಿಗೇ ಮತ್ತೆ ಬಂದು ಮೈದಾನದ ಕಲ್ಲಿನ ಮೇಲೆ ಕೂತಿದ್ದಳು. "ಆಟ ಇಲ್ದಿದ್ರೆ ನಾನು ಬರೀ ಟ್ರೇ ಎತ್ತೋಳು ಸಾರ್," ಎಂದಳು. ಸೇರಿಸಿಕೊಂಡೆ. ಒಂದೇ ಷರತ್ತು: ಸೊಂಟ ಸರಿಸುವುದು ಪಕ್ಕಾ ಬರುವವರೆಗೆ ಬೇರೆ ಯಾವ ಪಟ್ಟೂ ಇಲ್ಲ.

ಈ ಸೊಂಟ ಸರಿಸುವುದಕ್ಕೆ ಇಂಗ್ಲಿಷಿನಲ್ಲಿ ಸೀಗಡಿಯ ಹೆಸರಿಟ್ಟಿದ್ದಾರೆ. ಸೀಗಡಿ ನೀರಿನಲ್ಲಿ ಮೈ ಮಡಚಿ ಹಿಂದಕ್ಕೆ ಚಿಮ್ಮುತ್ತದಂತೆ. ನಮ್ಮವರು ಸೀಗಡಿ ನೋಡಿರುವುದು ಸಂತೆಯಲ್ಲಿ, ಒಣಗಿಸಿ ಗುಡ್ಡೆ ಹಾಕಿದಾಗ, ಅದೆಲ್ಲಿ ಚಿಮ್ಮಬೇಕು? ಹಾಗಾಗಿ ನಾನು ಆ ಹೆಸರಿನ ತಂಟೆಗೆ ಹೋಗುವುದಿಲ್ಲ.

ಎದುರಾಳಿ ನಿಮ್ಮ ಹೊಟ್ಟೆಯ ಮೇಲೆ, ಎರಡೂ ಪಕ್ಕಕ್ಕೆ ಮಂಡಿಯೂರಿ ಕೂತಿದ್ದಾಳೆ ಎಂದುಕೊಳ್ಳಿ. ತಳ್ಳಿ ಬೀಳಿಸಲು ಆಗುವುದಿಲ್ಲ, ಅವಳ ಇಡೀ ಭಾರದ ಮುಂದೆ ನಿಮ್ಮ ತೋಳು ಏನೂ ಅಲ್ಲ. ಮೊದಲು ಸೊಂಟವನ್ನು ಮೇಲಕ್ಕೆ ಎಗರಿಸಿ ಅವಳ ಭಾರ ಮುಂದಕ್ಕೆ ವಾಲುವಂತೆ ಮಾಡಬೇಕು. ಆ ಸಡಿಲದಲ್ಲಿ ಒಂದು ಮಗ್ಗುಲಿಗೆ ಹೊರಳಬೇಕು. ಅಂಗಾತ ಇದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಮೊಣಕೈ ಪಕ್ಕೆಗೆ ಅಂಟಿಕೊಂಡಿರಬೇಕು. ಮುಂಗೈಯನ್ನು ಅವಳ ಸೊಂಟದ ಮೂಳೆಗೆ, ಚಪ್ಪರಕ್ಕೆ ಕೊಟ್ಟ ಗೂಟದ ಹಾಗೆ ಸುಮ್ಮನೆ ಆನಿಸಿಡಬೇಕು. ಹಿಮ್ಮಡಿಯನ್ನು ತೊಡೆಯ ಬುಡಕ್ಕೆ ಎಳೆದುಕೊಂಡು, ನೆಲವನ್ನು ಒದ್ದು, ಸೊಂಟವನ್ನು ಹಿಂದಕ್ಕೆ ಜಾರಿಸಬೇಕು. ಆಗ ಒಂದು ಗೇಣು ಜಾಗ ಹುಟ್ಟುತ್ತದೆ. ಅದಕ್ಕೆ ಮಂಡಿ ತೂರಿಸಬೇಕು. ಒಂದು ಸರಿತಕ್ಕೆ ಮಂಡಿ ಅರ್ಧ ಮಾತ್ರ ನುಗ್ಗುತ್ತದೆ, ಉಸಿರು ತೆಗೆದುಕೊಂಡು ಇನ್ನೊಮ್ಮೆ ಸರಿದರೆ ಪೂರ್ತಿ. ಎಲ್ಲರೂ ಸೋಲುವುದು ಆ ಎರಡು ಸರಿತಗಳ ನಡುವೆ. ಜಾಗ ಆಯಿತಲ್ಲ ಎಂದು ಅವಸರಪಟ್ಟು ಕೈ ಬಿಚ್ಚುತ್ತಾರೆ, ಬಿಚ್ಚಿದ ಕೈ ಮೇಲಿನವಳ ಪಾಲಾಗುತ್ತದೆ.

ಅವಳಿಗೆ ಇದು ಬೇರೆಯವರಿಗಿಂತ ಹೆಚ್ಚು ಬೇಕಿತ್ತು. ಸೊಂಟ ಕೆಲಸ ಮಾಡಿದರೆ ಭುಜಕ್ಕೆ ಕೆಲಸವಿಲ್ಲ. ಭುಜಕ್ಕೆ ಕೆಲಸವಿಲ್ಲದಿದ್ದರೆ ಅವಳು ಆಟದಲ್ಲಿ ಉಳಿಯುತ್ತಾಳೆ. ಲೆಕ್ಕ ಇಷ್ಟೇ ಇತ್ತು.

ಅವಳ ಮೇಲೆ ಕೂರಲು ನಾನು ಆರಿಸಿದ್ದು ಕ್ಯಾಲನೂರು ಕಡೆಯ ಒಂದು ಹಾಲಿನ ಡೈರಿಯ ಕಾರ್ಯದರ್ಶಿಯನ್ನು. ನಲವತ್ತು ದಾಟಿದ ಗಟ್ಟಿ ಹೆಂಗಸು. ಮೈ ಇಳಿಸಬೇಕೆಂದು ಸೇರಿದವರು, ಮೈ ಇಳಿಯದೆ ಆಟದ ಹುಚ್ಚು ಹಿಡಿಸಿಕೊಂಡಿದ್ದರು. ಬೆಳಗಿನ ಹಾಲು ಅಳೆದು ಮುಗಿಸಿ ಸ್ಕೂಟರಿನಲ್ಲಿ ಬಂದು, "ಎಲ್ಲೇ ನನ್ ಕುರ್ಚಿ?" ಎಂದು ಕೇಳಿ ಹುಡುಗಿಯ ಹೊಟ್ಟೆಯ ಮೇಲೆ ಕೂರುತ್ತಿದ್ದರು.

ಮೊದಲ ವಾರಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಶಾಲೆಯ ಮೈದಾನದಲ್ಲಿ, ಕಬಡ್ಡಿ ಅಂಕಣದ ಪಕ್ಕಕ್ಕೆ ಚಾಪೆ ಹಾಸುತ್ತಿದ್ದೆವು. ಒಬ್ಬಳೇ ಸರಿಯುವಾಗ ಅವಳ ಸೊಂಟ ಬೆಣ್ಣೆಯಂತೆ ಜಾರುತ್ತಿತ್ತು, ಕಾರ್ಯದರ್ಶಿ ಮೇಲೆ ಕೂತ ಕೂಡಲೇ ಎಲ್ಲ ಮರೆಯುತ್ತಿತ್ತು. ಎಗರುತ್ತಿದ್ದಳು, ಹೊರಳುತ್ತಿದ್ದಳು, ಸ್ವಲ್ಪ ಸರಿಯುತ್ತಿದ್ದಳು, ಆಮೇಲೆ ಬಲಗೈ ಚಾಚಿಕೊಂಡು ಹೊರಟುಬಿಡುತ್ತಿತ್ತು. ಜೊತೆಗೆ ಉಸಿರು ಕಟ್ಟುತ್ತಿದ್ದಳು. ಹತ್ತಿರ ಬಗ್ಗಿ ಕೇಳಿದರೆ ಹಲ್ಲಿನ ಸಂದಿಯಲ್ಲಿ ಕಬಡ್ಡಿ ಕಬಡ್ಡಿ ಎಂದು ಗೊಣಗುತ್ತಿದ್ದಾಳೆ! ನನಗೆ ನಗು, ಸಿಟ್ಟು ಎರಡೂ ಬಂತು.

"ಯಾರಮ್ಮ ನಿಂಗೆ ಇಲ್ಲಿ ರೈಡ್ ಹೋಗು ಅಂದೋರು?"

"ನಂಗೇ ಗೊತ್ತಿಲ್ಲ ಸಾರ್. ಬಾಯಿ ತಾನೇ ಅಂತೈತೆ."

ಕೈ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾದದ್ದು ನಾನು ಚಾಪೆಯನ್ನು ತಿರುಗಿಸಿ ಹಾಸಿದ ದಿನ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ತಲೆಯ ದಿಕ್ಕು ಬದಲಿಸಿದೆ. ಅಲ್ಲಿಯವರೆಗೆ ತಲೆಯ ಮೇಲಕ್ಕೆ ಹೋಗುತ್ತಿದ್ದ ಕೈ ಅಂದು ಪಕ್ಕಕ್ಕೆ ಹೋಯಿತು. ಅದರ ನೇರಕ್ಕೆ ನೋಡಿದೆ. ಕಬಡ್ಡಿ ಅಂಕಣದ ಸುಣ್ಣದ ಗೆರೆ ಇತ್ತು.

ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ಮಾತು. ಎದುರು ಅಂಕಣಕ್ಕೆ ನುಗ್ಗಿದ ರೈಡರನ್ನು ಎಷ್ಟೇ ಜನ ಕೆಡವಿ ಮೇಲೆ ಬಿದ್ದರೂ, ಉಸಿರು ಬಿಡುವ ಮೊದಲು ಅವಳ ಬೆರಳ ತುದಿ ನಡುಗೆರೆ ಮುಟ್ಟಿದರೆ ಅವಳು ಗೆದ್ದಳು, ಹಿಡಿದವರೆಲ್ಲ ಔಟು. ಚಿಕ್ಕಂದಿನಿಂದ ಅವಳ ಮೈಗೆ ಗೊತ್ತಿದ್ದದ್ದು ಅದೊಂದೇ: ಮೇಲೆ ಜನ ಬಿದ್ದರೆ ಗೆರೆ ಹುಡುಕು. ಅವಳ ಭುಜ ಎರಡು ಸಲ ಕಳಚಿದ್ದೂ ಹಾಗೆ ಗೆರೆ ಮುಟ್ಟುವಾಗಲೇ.

"ಎರಡು ಸಲಾನೂ ಮುಟ್ಟಿದ್ದೆ ಸಾರ್," ಎಂದಳು ಹೆಮ್ಮೆಯಿಂದ. "ಅಮ್ಮ ಗೆರೆ ಪಕ್ದಲ್ಲೇ ನಿಂತ್ಕೊಂಡು ಕೂಗೋಳು. ಅವ್ಳ ಗಂಟ್ಲು ಇಡೀ ಊರಿಗೆ ಕೇಳೋದು. ಭುಜ ಹೋದ್ಮೇಲೆ ಆಟ ನೋಡೋದೇ ಬಿಟ್ಟವ್ಳೆ."

ಜಿಯು-ಜಿಟ್ಸುವಿನಲ್ಲಿ ಚಾಪೆಯ ಅಂಚಿನ ಗೆರೆಗೆ ಯಾವ ಪುಣ್ಯವೂ ಇಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅಂಗಾತ ಇದ್ದು ತೋಳನ್ನು ದೂರಕ್ಕೆ ಚಾಚಿದರೆ ಎದುರಾಳಿ ಮಣಿಕಟ್ಟನ್ನು ನೆಲಕ್ಕೆ ಒತ್ತಿ, ಮೊಣಕೈಯನ್ನು ಎತ್ತುತ್ತಾಳೆ. ತಿರುಚುವುದು ಭುಜದ ಕೀಲು. ನಿನ್ನ ಭುಜ ಅಷ್ಟನ್ನು ತಡೆಯುವುದಿಲ್ಲ ಎಂದೆ. ಎಲ್ಲಕ್ಕೂ ತಲೆಯಾಡಿಸಿದಳು. ತಲೆಗೆ ಅರ್ಥವಾಗಿತ್ತು, ಕೈಗೆ ಆಗಿರಲಿಲ್ಲ. ಮರುದಿನ ಮತ್ತೆ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗೊಣಗಿಕೊಂಡೇ ಶಾಲೆಗೆ ಹೋಗುತ್ತಿದ್ದೆ.

ಆಗ ಒಂದು ತೀರ್ಮಾನ ಮಾಡಿದೆ. ಗೆರೆಯೇ ಇಲ್ಲದ ಜಾಗಕ್ಕೆ ಅವಳನ್ನು ಕರೆದೊಯ್ಯಬೇಕು, ಕೈಯನ್ನೇ ಇಲ್ಲವಾಗಿಸಬೇಕು.

ವಕ್ಕಲೇರಿ ಹತ್ತಿರ ನನಗೆ ಪರಿಚಯದ ರೇಷ್ಮೆ ಬೆಳೆಗಾರರೊಬ್ಬರಿದ್ದರು. ಅವರ ಹುಳು ಮನೆ ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವೆ ಖಾಲಿ ಇರುತ್ತಿತ್ತು. ಉದ್ದನೆಯ ಸಿಮೆಂಟಿನ ಕೋಣೆ, ಕಿಟಕಿಗೆ ಸೊಳ್ಳೆಪರದೆ, ಒಳಗೆಲ್ಲ ಬ್ಲೀಚಿಂಗ್ ಪೌಡರಿನ ಘಾಟು. "ಚಾಕಿ ಹುಳ ಬರೋಗಂಟ ನಿಮ್ದು ಮೇಷ್ಟ್ರೇ, ಬಂದ್ಮೇಲೆ ನಂದು. ಕಾಲು ತೊಳ್ಕೊಂಡ್ ಬನ್ನಿ, ಸೆಂಟು ಪೌಡ್ರು ಹಾಕ್ಕೊಂಡ್ ಬರ್ಬೇಡಿ," ಎಂದರು. ಚಾಕಿ ಎಂದರೆ ರೇಷ್ಮೆಯ ಎಳೆಯ ಮರಿಹುಳ. ಗೋಡೆಯಿಂದ ಗೋಡೆಗೆ ಚಾಪೆ ಹಾಸಿದೆವು. ಎಲ್ಲಿ ನೋಡಿದರೂ ಒಂದು ಅಂಚು ಕಾಣದ ಹಾಗೆ.

ಅವಳ ಬಲಗೈಯನ್ನು ಎದೆಗೆ ಅಂಟಿಸಿ, ಅವಳದೇ ಸೊಂಟದ ಬಿಳಿ ಪಟ್ಟಿಯಿಂದ ಮೈಗೆ ಸುತ್ತಿ ಕಟ್ಟಿದೆ. "ಇನ್ಮೇಲೆ ಈ ಕೈ ನಿಂಗಿಲ್ಲ," ಎಂದೆ. ಕಾರ್ಯದರ್ಶಿ ಮೇಲೆ ಕೂತರು. ಅವಳು ಎಗರಿದಳು, ಹೊರಳಿದಳು, ಒಳಗೆ ಕೈ ಮೀನಿನ ಹಾಗೆ ಒದ್ದಾಡಿದ್ದು ಬಟ್ಟೆಯ ಮೇಲಿಂದಲೇ ಕಾಣಿಸಿತು. ಆಮೇಲೆ ಅಳು ಬಂತು. ಕೈ ಕಟ್ಟಿಸಿಕೊಂಡು ಕೆಳಗೆ ಬಿದ್ದಿರುವುದು ಹೆದರಿಕೆಯ ಸಂಗತಿ, ಅದನ್ನು ಅವಳು ಹೇಳಿಯೂ ಹೇಳಿದಳು: "ಉಸ್ರು ನಿಂತೋಗ್ತೈತೆ ಸಾರ್." ನಾನು ಬಿಚ್ಚಲಿಲ್ಲ.

ಉಸಿರಿಗೆ ಮದ್ದು ಕಂಡುಹಿಡಿದದ್ದು ಕಾರ್ಯದರ್ಶಿ. ಮೇಲೆ ಕೂತುಕೊಂಡೇ, "ಲೇ, ನಿಮ್ಮನೇಲಿ ಬಸ್ಸಾರು ಹೆಂಗ್ ಮಾಡ್ತೀರೇ? ಹೇಳು ನೋಡಾನ," ಎಂದರು.

"ಹುಳ್ಳಿಕಾಳು ಬೇಯಿಸ್ಕೊಂಡು..." ಎಂದಳು ಹುಡುಗಿ ಏದುತ್ತ.

"ಬೇಯಿಸ್ಕೊಂಡು?"

"ಬಸ್ಕೊಂಡು... ಆ ನೀರು ಎತ್ತಿಟ್ಕೊಂಡು..."

ಮಾತಾಡುವವರು ಉಸಿರು ಕಟ್ಟಲಾರರು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿಯುವ ಹೊತ್ತಿಗೆ ಅವಳ ಹಿಮ್ಮಡಿ ತಾನಾಗಿ ತೊಡೆಯ ಬುಡಕ್ಕೆ ಬಂತು. ನೆಲ ಒದ್ದಳು, ಸೊಂಟ ಸರಿಯಿತು. ಒಗ್ಗರಣೆಗೆ ಎರಡನೆಯ ಸಲ ಸರಿಯಿತು. ಮಂಡಿ ಒಳಗೆ ಬಂತು. ಕಾರ್ಯದರ್ಶಿ ಪಕ್ಕಕ್ಕೆ ಉರುಳಿ, "ಅಯ್ಯೋ, ನನ್ನೇ ಬಸಿದ್ಬಿಟ್ಟಳಲ್ಲ ಮುಂಡೇದು," ಎಂದು ನಕ್ಕರು. ಹುಡುಗಿ ಎದ್ದು ಕೂತು ತನ್ನ ಸೊಂಟವನ್ನೇ ನೋಡಿಕೊಂಡಳು.

ಅಷ್ಟರಲ್ಲಿ ಎಲ್ಲ ಸರಿಹೋಯಿತು ಎಂದುಕೊಳ್ಳುವ ಹಾಗಿಲ್ಲ. ಚಾಕಿ ಹುಳ ಬಂದವು. ಚಾಪೆ ಹೊರಗೆ ಸಾಗಿಸುವ ದಿನ ಹುಡುಗಿ ಕೊನೆಯ ಚಾಪೆ ತರಲು ಒಳಗೆ ಹೋದಳು. ನರ್ಸರಿಯಲ್ಲಿ ಟ್ರೇ ಎತ್ತಿ ಎತ್ತಿ ನೋವೆಂದು ಭುಜಕ್ಕೆ ಮುಲಾಮು ತಿಕ್ಕಿಕೊಂಡಿದ್ದಳು. ಹುಳು ಮನೆಯವರು ಮೂಗರಳಿಸಿದರು.

"ಯಾರ್ಲಾ ಅದು ಮುಲಾಮು? ಹುಳ ಸೊಪ್ಪು ಮುಟ್ದಂಗೆ ಸತ್ತೋಗ್ತವೆ! ಆಚಿಕ್ ನಡೀರಿ ಎಲ್ರೂ!"

ಆ ಬೆಳೆ ಮುಗಿದು ಗೂಡು ಮಾರಿ, ಮನೆ ತೊಳೆದು, ಅವರ ಕೋಪ ಇಳಿಯುವವರೆಗೆ ನಾವು ಬೀದಿಪಾಲಾದೆವು. ಅವರ ಕಣದಾಚೆಯ ಹೊಂಗೆ ಮರದ ಕೆಳಗೆ ಟಾರ್ಪಾಲು ಹಾಸಿ ಆಡಿದೆವು. ಕೆಳಗೆ ಗರಸು ಕಲ್ಲು, ಬೆನ್ನೆಲ್ಲ ತರಚು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಟಾರ್ಪಾಲಿಗೆ ಅಂಚಿತ್ತು. ಕೈ ಬಿಚ್ಚಿದ ಮೊದಲ ದಿನವೇ ಅದು ಹಾವಿನ ಹಾಗೆ ಸರಸರನೆ ಅಂಚಿನ ಕಡೆ ಹೋಯಿತು. ಕಾರ್ಯದರ್ಶಿ ಹಿಡಿಯಲಿಲ್ಲ, ಹಿಡಿಯುವ ಮನಸ್ಸಾಗಲಿಲ್ಲ. ನಾನು ಮರಕ್ಕೆ ಒರಗಿ ಕೂತೆ. ಹುಳು ಮನೆಯಲ್ಲಿ ಕಲಿತದ್ದೆಲ್ಲ ಹುಳು ಮನೆಯಲ್ಲೇ ಉಳಿದಿತ್ತು. ಇವಳನ್ನು ಇಲ್ಲಿಗೇ ನಿಲ್ಲಿಸಿ ಮನೆಗೆ ಕಳಿಸಿದರೆ ಭುಜವಾದರೂ ಉಳಿಯುತ್ತದೆ ಎಂದು ಅನ್ನಿಸಿತು. ಅನ್ನಿಸಿದ್ದನ್ನು ಹೇಳಿಯೂಬಿಟ್ಟೆ.

"ಇನ್ನೊಂದ್ ಬೆಳೆ ಸಾರ್," ಎಂದಳು. ಅಷ್ಟು ಹೊತ್ತಿಗೆ ಅವಳೂ ಕಾಲವನ್ನು ರೇಷ್ಮೆ ಬೆಳೆಯಲ್ಲೇ ಅಳೆಯುತ್ತಿದ್ದಳು.

ಆದದ್ದು ಒಂದಲ್ಲ, ಹಲವು ಬೆಳೆ. ಹುಳ ಹೊರಗಿದ್ದಾಗ ನಾವು ಒಳಗೆ, ಹುಳ ಒಳಗಿದ್ದಾಗ ನಾವು ಹೊರಗೆ. ಒಳಗೆ ಬಂದಾಗಲೆಲ್ಲ ಕೈ ಕಟ್ಟಿ ಶುರು, ಸ್ವಲ್ಪ ಸ್ವಲ್ಪ ಸಡಿಲಿಸಿ ಮುಂದೆ. ಹೊರಗೆ ಹೋದಾಗ ಟಾರ್ಪಾಲಿನ ನಡುವೆ ಶುರು, ಸ್ವಲ್ಪ ಸ್ವಲ್ಪ ಅಂಚಿನತ್ತ. ಬಸ್ಸಾರು ಮುಗಿದು ಉಪ್ಸಾರು, ಮುದ್ದೆ, ಹುಳಿಸೊಪ್ಪು ಎಲ್ಲ ಆಯಿತು, ಕಾರ್ಯದರ್ಶಿಗೆ ಹಸಿವಾಗುತ್ತಿತ್ತು. ಚೇತರಿಸಿಕೊಂಡ ದಿನಗಳಿಗಿಂತ ಜಾರಿದ ದಿನಗಳೇ ಹೆಚ್ಚು. ನಾನು ನಿಜವಾಗಿ ನಂಬಿರಲಿಲ್ಲ, ಬರುತ್ತಾಳಲ್ಲ ಎಂದು ಕಲಿಸುತ್ತಿದ್ದೆ.

ರಾಜ್ಯ ತಂಡಕ್ಕೆ ಆಯ್ಕೆ ಮಾಲೂರಿನಲ್ಲಿ ನಡೆಯುತ್ತದೆ ಎಂದು ಸುದ್ದಿ ಬಂದಾಗ ನಾನು ಅವಳಿಗೆ ಹೇಳಲೇ ಇಲ್ಲ. ಕಾರ್ಯದರ್ಶಿ ಹೇಳಿಬಿಟ್ಟರು. ಕೊನೆಯದಾಗಿ ಒಂದು ಪರೀಕ್ಷೆ ಇಟ್ಟೆ. ಹುಳಗಳ ಹಾಸಿಗೆಗೆ ಉದುರಿಸುವ ಸುಣ್ಣ ಹುಳು ಮನೆಯ ಮೂಲೆಯಲ್ಲಿತ್ತು. ಒಂದು ಮುಷ್ಟಿ ತೆಗೆದು, ಚಾಪೆಗಳ ಮೇಲೆ ಉದ್ದಕ್ಕೆ ಬಿಳಿ ಗೆರೆ ಎಳೆದೆ. ಅವಳು ಗೆರೆ ನೋಡಿ, ನನ್ನನ್ನು ನೋಡಿ ನಕ್ಕಳು.

ಗೆರೆಯ ಪಕ್ಕದಲ್ಲೇ ಮಲಗಿಸಿ ಕಾರ್ಯದರ್ಶಿಯನ್ನು ಮೇಲೆ ಕೂರಿಸಿದೆ. ಕೈ ಕಟ್ಟಿರಲಿಲ್ಲ. ಬಸ್ಸಾರೂ ಇರಲಿಲ್ಲ. ಎಗರು, ಹೊರಳು, ಮೊಣಕೈ ಪಕ್ಕೆಗೆ, ಒದೆ, ಸರಿ. ಉಸಿರು. ಮತ್ತೆ ಸರಿ. ಮಂಡಿ ಒಳಗೆ. ಬಲಗೈ ಎದೆಯ ಮೇಲೆ ಹೊಲಿದ ಹಾಗೆ ನಿಂತಿತ್ತು. ಅವಳು ಸುಸ್ತಾಗಿ ಬಸವಳಿಯುವವರೆಗೆ ಮತ್ತೆ ಮತ್ತೆ ಮಾಡಿಸಿದೆ, ಸುಸ್ತಾದ ಮೇಲೂ ಮಾಡಿಸಿದೆ. ಗೆರೆ ಹಾಗೇ ಉಳಿಯಿತು, ಒಂದು ಬೆರಳಿನ ಗುರುತೂ ಬೀಳಲಿಲ್ಲ. ಆಗ ಮಾತ್ರ ನಂಬಿದೆ. ಮಾಲೂರಿಗೆ ಹೋಗೋಣ ಎಂದೆ.

"ಅಮ್ಮನ್ನ ಕರ್ಕೊಂಡ್ ಬರ್ಲಾ ಸಾರ್? ಇದ್ರಲ್ಲಿ ಭುಜ ಹೋಗಲ್ಲ ಅಂತ ಅವ್ಳು ಕಣ್ಣಲ್ಲಿ ನೋಡ್ಬೇಕು."

"ಧಾರಾಳವಾಗಿ ಕರ್ಕೊಂಡ್ ಬಾ," ಎಂದೆ. ಸಂತೋಷದಿಂದಲೇ ಎಂದೆ.

ಮಾಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಚಾಪೆ ಹಾಸಿದ್ದರು. ಹಿಂದಿನ ಮದುವೆಯ ಹೂವಿನ ದಂಡೆ ಇನ್ನೂ ಕಂಬದಲ್ಲಿತ್ತು. ಹಸಿರು ಚಾಪೆ, ಸುತ್ತ ಹಳದಿ ಅಂಚು, ಎರಡೂ ಸೇರುವಲ್ಲಿ ಕಣ್ಣಿಗೆ ಹೊಡೆಯುವ ಗೆರೆ. ತಾಯಿ ಕುರುಡುಮಲೆ ಗಣಪತಿಗೆ ಪೂಜೆ ಮಾಡಿಸಿ, ಗರಿಕೆ ತಂದು ಮಗಳ ಜಡೆಗೆ ಸಿಕ್ಕಿಸಿದರು. ಆಟದ ನಿಯಮ ಅದನ್ನು ಒಪ್ಪುವುದಿಲ್ಲ ಎಂದು ನಾನು ತೆಗೆಸಿದೆ. "ಏಂ ಸಾರ್, ದೇವ್ರುದಲ್ವಾ?" ಎಂದು ನೊಂದುಕೊಂಡು, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತರು.

ಮೊದಲ ಪಂದ್ಯದಲ್ಲಿ ಹುಡುಗಿ ಬೇಗನೆ ಕೆಳಗೆ ಬಿದ್ದಳು. ಎದುರಾಳಿ ಮೇಲೆ ಕೂತಳು. ನಾನು ಮೂಲೆಯಲ್ಲಿ ಮಂಡಿಯೂರಿ ಕೂತಿದ್ದೆ. ಅವಳು ಎಗರಿದಳು, ಹೊರಳಿದಳು, ಒಂದು ಸಲ ಸರಿದಳು, ಉಸಿರು ಬಿಟ್ಟಳು, ಎರಡನೆಯ ಸಲ ಸರಿದು ಮಂಡಿ ತೂರಿಸಿ, ಎದುರಾಳಿಯನ್ನು ಉರುಳಿಸಿ ಮೇಲೆ ಬಂದಳು. ಅಂಥ ಚೊಕ್ಕ ಸರಿತವನ್ನು ನಾನು ಬೆಂಗಳೂರಿನಲ್ಲೂ ಹೆಚ್ಚು ನೋಡಿಲ್ಲ. ಗೆದ್ದಳು. ಕಾರ್ಯದರ್ಶಿ ಸಿಳ್ಳೆ ಹೊಡೆದರು. ತಾಯಿಗೆ ಮಾತ್ರ ಏನೂ ತಿಳಿಯಲಿಲ್ಲ. ಇಬ್ಬರು ಹೆಣ್ಣುಮಕ್ಕಳು ನೆಲದಲ್ಲಿ ಹೊರಳಿದ್ದರಲ್ಲಿ ತನ್ನ ಮಗಳು ಹೇಗೆ ಗೆದ್ದಳೆಂದು ಪಕ್ಕದವರನ್ನು ಕೇಳುತ್ತಿದ್ದರು.

ಎರಡನೆಯದನ್ನು ಗೆದ್ದರೆ ತಂಡದಲ್ಲಿ ಜಾಗ. ಎದುರಾಳಿ ಇವಳಿಗಿಂತ ಅನುಭವಸ್ಥೆ, ಕೆಡವಿದ್ದೇ ಅಂಚಿನ ಹತ್ತಿರ. ಹೊಟ್ಟೆಯ ಮೇಲೆ ಕೂತು ಎದೆಯನ್ನು ಎದೆಗೆ ಒತ್ತಿ ಕಾದಳು. ನಮ್ಮ ಹುಡುಗಿಯೂ ಕಾದಳು, ಉಸಿರಾಡುತ್ತ ಕಾದಳು, ಅದು ನನಗೆ ಕಾಣುತ್ತಿತ್ತು. ಆಮೇಲೆ ಎಗರಿದಳು. ಹೊರಳಿದಳು. ಮೊಣಕೈ ಪಕ್ಕೆಯಲ್ಲೇ ಇತ್ತು. ನೆಲ ಒದ್ದು ಸರಿದಳು. ಮಂಡಿ ಅರ್ಧ ಒಳಗೆ ಬಂತು. ಇನ್ನೊಂದು ಸರಿತ ಬಾಕಿ.

"ಸೊಂಟ! ಇನ್ನೊಂದ್ಸಲ ಸೊಂಟ!" ಎಂದು ಕೂಗಿದೆ.

ಆಗ ಮೊದಲ ಸಾಲಿನಲ್ಲಿ ತಾಯಿ ಎದ್ದು ನಿಂತರು. ಈ ಆಟದಲ್ಲಿ ಕೊನೆಗೂ ಅವರಿಗೆ ಅರ್ಥವಾಗುವಂಥದ್ದು ಒಂದು ಕಂಡಿತ್ತು. ಮಗಳು ಕೆಳಗೆ ಸಿಕ್ಕಿಬಿದ್ದಿದ್ದಾಳೆ, ಪಕ್ಕದಲ್ಲೇ ಗೆರೆಯಿದೆ.

"ಗೀತ ಮುಟ್ಟುಕೋವೇ! ಗೀತ ಮುಟ್ಟುಕೋವೇ ತಲ್ಲಿ!"

ಗೆರೆ ಮುಟ್ಟೇ ಎಂದು ತೆಲುಗಿನಲ್ಲಿ. ಹುಡುಗಿ ಹೇಳಿದ್ದು ಸುಳ್ಳಲ್ಲ, ಇಡೀ ಊರಿಗೆ ಕೇಳುವ ಗಂಟಲು. ಮಂಟಪವೆಲ್ಲ ತಿರುಗಿ ನೋಡಿತು. ಆ ಗಂಟಲಿನ ಮುಂದೆ ನನ್ನದು ಎಷ್ಟರದ್ದು? ಅವಳು ನಡೆಯಲು ಕಲಿತದ್ದೇ ಆ ದನಿಗೆ. ಎದೆಯ ಮೇಲಿದ್ದ ಬಲಗೈ ಬಿಚ್ಚಿಕೊಂಡು ಹೋಯಿತು. ಹಸಿರು ದಾಟಿ, ಗೆರೆ ದಾಟಿ, ಹಳದಿಯ ಮೇಲೆ ಅಂಗೈ ಬಿತ್ತು.

ಎದುರಾಳಿ ಕಲಿತದ್ದನ್ನು ಮಾಡಿದಳು, ಮಣಿಕಟ್ಟನ್ನು ನೆಲಕ್ಕೆ ಒತ್ತಿದಳು. ತಿರುಚುವಷ್ಟು ಹೊತ್ತೂ ಬೇಕಾಗಲಿಲ್ಲ. ಭುಜ ಕಳಚಿದ ಸದ್ದು ನನಗೆ ಕೇಳಿಸಿತು. ಎದುರಾಳಿಯೇ ಹೆದರಿ ಕೈ ಬಿಟ್ಟು, ರೆಫರಿಯನ್ನು ಕರೆದು ಅಳತೊಡಗಿದಳು. ನಮ್ಮ ಹುಡುಗಿ ಅಳಲಿಲ್ಲ. ತನ್ನ ಕೈ ಎಲ್ಲಿದೆ ಎಂದು ತಲೆ ತಿರುಗಿಸಿ ನೋಡಿದಳು, ನೋಡಿ ಕಣ್ಣು ಮುಚ್ಚಿದಳು.

ಮಾಲೂರಿನಿಂದ ಕೋಲಾರಕ್ಕೆ ಕಾರ್ಯದರ್ಶಿ ಗೊತ್ತುಮಾಡಿದ ಕಾರಿನಲ್ಲಿ ಬಂದೆವು. ಮೂಳೆ ಡಾಕ್ಟರು ಭುಜ ಕೂಡಿಸಿದರು, ಎಕ್ಸ್‌ರೇ ತೆಗೆಸಿ ನೋಡಿದರು, ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರು. ಈ ಸಲ ‘ಇನ್ನೊಂದು ಸಲ ಆದರೆ’ ಎಂಬ ಮಾತು ಅದರಲ್ಲಿ ಇರಲಿಲ್ಲ. ಆಪರೇಷನ್ ಆಗಬೇಕು, ಆಟ ಮುಗಿಯಿತು. ಬಲಗೈಯನ್ನು ಎದೆಗೆ ಸೇರಿಸಿ ಬಿಳಿ ಪಟ್ಟಿ ಸುತ್ತಿ ಕಟ್ಟಿದರು. ಹುಳು ಮನೆಯಲ್ಲಿ ನಾನು ಕಟ್ಟುತ್ತಿದ್ದದ್ದೂ ಹಾಗೆಯೇ. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಗೋಡೆ ನೋಡುತ್ತ ನಿಂತೆ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು.

ಮತ್ತೆ ಒಳಗೆ ಹೋದಾಗ ತಾಯಿ ಮಂಚದ ಪಕ್ಕ ನಿಂತು ಸೆರಗಿನ ಗಂಟು ಬಿಚ್ಚಿ, ಬಾಡಿದ ಗರಿಕೆಯನ್ನು ಮಗಳ ದಿಂಬಿನ ಕೆಳಗೆ ಇಡುತ್ತಿದ್ದರು. ನನ್ನನ್ನು ಕಂಡು ತಿರುಗಿದರು.

"ಸಾರ್, ನೀವೇ ಹೇಳಿ. ನಾನು ಕಣ್ಣಾರೆ ನೋಡ್ದೆ. ಮಗು ಗೆರೆ ಮುಟ್ತು. ಅಂಗೈ ಪೂರ್ತಿ ಆಚಿಕಿತ್ತು. ಮುಟ್ಟಿದ್ಮೇಲೂ ಅವ್ಳು ಯಾಕ್ ಸಾರ್ ಬಿಡ್ಲಿಲ್ಲ? ಇವ್ಳಿಗೇ ಯಾಕ್ ಔಟ್ ಕೊಟ್ರು?"

ನಾನು ಬಾಯಿ ತೆರೆದೆ. ಈ ಆಟದಲ್ಲಿ ಗೆರೆಗೆ ಬೆಲೆಯಿಲ್ಲಮ್ಮ, ಸೊಂಟ ಇನ್ನೊಂದು ಸಲ ಸರಿದಿದ್ದರೆ ಸಾಕಿತ್ತು ಎಂದು ಎಷ್ಟೋ ಬೆಳೆಗಳಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ನಾಲಿಗೆಗೆ ಬಂದಿತ್ತು. ಹುಡುಗಿ ದಿಂಬಿನಿಂದ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸಿದಳು, ತಾಯಿಗೆ ಕಾಣದಷ್ಟು ಮೆಲ್ಲಗೆ.

"ಅಂಪೈರು ನೋಡ್ಲಿಲ್ಲಮ್ಮ," ಎಂದಳು.

ತಾಯಿ ನನ್ನ ಮುಖ ನೋಡಿದರು.

"ಹೌದಮ್ಮ," ಎಂದೆ. "ಅವರು ಸರಿಯಾಗಿ ನೋಡ್ಲಿಲ್ಲ."

ಡಾಕ್ಟರು ಆಪರೇಷನ್ನಿಗೆ ಮುಂದಿನ ವಾರ ಬರಲು ಹೇಳಿ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲು ಬಸ್ಸು ಬರುವವರೆಗೂ ತಾಯಿ ಆ ಕಣ್ಣು ಕಾಣದ ಅಂಪೈರನ್ನು ಕನ್ನಡ ತೆಲುಗು ಎರಡರಲ್ಲೂ ಬೈಯುತ್ತಲೇ ಇದ್ದರು. ಮಗಳು ಪಕ್ಕದಲ್ಲಿ ಕೂತು, ಪ್ರತಿ ಬೈಗುಳಕ್ಕೂ ಹೂಂಗುಡುತ್ತಿದ್ದಳು.